ಬಾಪ್ಪುವಿನ ಸಂರಕ್ಷಿತ ಪ್ರದೇಶ

ನಮ್ಮ ಬಾಪ್ಪು ಮಸ್ಕತ್ತಿನಲ್ಲಿದ್ದಷ್ಟು ವರ್ಷವೂ ಕೋಟೆ ನೋಡಲಿಲ್ಲ, ಸಮುದ್ರ ನೋಡಲಿಲ್ಲ, ಚಿನ್ನದಂಗಡಿಯ ಕಡೆ ತಿರುಗಿಯೂ ನೋಡಲಿಲ್ಲ. ಅವರು ನೋಡಿದ್ದು ಪಾಚಿ! ಮಳೆಯೇ ಬಾರದ ದೇಶದಲ್ಲಿ ಪಾಚಿ ಹುಡುಕಿಕೊಂಡು ಅಲೆದ ಮನುಷ್ಯ ಇನ್ನೊಬ್ಬನಿದ್ದರೆ ತೋರಿಸಿ, ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಹೊರಗಿನಿಂದ ಚಿಲಕ ಹಾಕೋಣ. ಹೀಗೆಲ್ಲ ಹೇಳಿ ನಾನು ಎಷ್ಟು ಜನರನ್ನು ನಗಿಸಿದ್ದೇನೋ. ಈಗ ಅದನ್ನು ನೆನೆದರೆ ಬಾಯಿ ಕಹಿಯಾಗುತ್ತದೆ. ಆದರೂ ನಡೆದದ್ದನ್ನು ನಡೆದ ಹಾಗೆಯೇ ಹೇಳಿಬಿಡುತ್ತೇನೆ.

ಬಾಪ್ಪು ಎಂದರೆ ನಮ್ಮ ಮಂಗಳೂರಿನ ಕೊಂಕಣಿಯಲ್ಲಿ ಅಪ್ಪನ ತಮ್ಮ. ಅವರ ಹೆಂಡತಿ ನನಗೆ ಮಾವ್ಶಿ. ಬಾಪ್ಪು ಮೊದಲು ಊರಿನ ಕಡೆ ಒಂದು ಪ್ರಯೋಗಾಲಯದಲ್ಲಿ ಸಹಾಯಕರಾಗಿದ್ದರು. ಎಂಬತ್ತರ ದಶಕದ ನಡುವೆ ಅಲ್ಲಿನ ಸಸ್ಯಶಾಸ್ತ್ರಜ್ಞರೊಬ್ಬರು ದಕ್ಷಿಣ ಧ್ರುವದ ಕಡೆ ಹೊರಟಾಗ ಇವರನ್ನೂ ಹಡಗು ಹತ್ತಿಸಿಕೊಂಡು ಹೋದರು. ಅಲ್ಲಿ ಹಿಮ ಕರಗುವ ಬಂಡೆಗಳ ನಡುವೆ ಪಾಚಿ ಬೆಳೆಯುವ ಒಂದು ಸಂರಕ್ಷಿತ ಪ್ರದೇಶವಿದೆಯಂತೆ. ಯಾವ ಯಾವ ಜಾತಿಯ ಪಾಚಿ ಉಂಟು, ಎಷ್ಟು ಜಾಗಕ್ಕೆ ಹಬ್ಬಿದೆ ಎಂದು ಪಟ್ಟಿ ಮಾಡುವುದು ಇವರ ಕೆಲಸ. ತಂತಿಯ ಚೌಕಟ್ಟನ್ನು ನೆಲದ ಮೇಲಿಟ್ಟು, ಮಂಡಿಯೂರಿ, ಭೂತಗನ್ನಡಿ ಹಿಡಿದು ನೋಡಿ ಬರೆಯಬೇಕು. ಅನುಮತಿಪತ್ರವಿಲ್ಲದೆ ಒಳಗೆ ಹೋಗುವಂತಿಲ್ಲ, ಹೋದರೂ ಕಲ್ಲಿನ ಮೇಲೆ ಮಾತ್ರ ಕಾಲಿಡಬೇಕು. ಅಲ್ಲಿಯ ಪಾಚಿಯನ್ನು ಒಮ್ಮೆ ತುಳಿದರೆ ತುಳಿದವನ ಮೊಮ್ಮಗನ ಕಾಲಕ್ಕೂ ಆ ಗುರುತು ಮಾಸುವುದಿಲ್ಲವಂತೆ.

ಬಾಪ್ಪು ಅಲ್ಲಿದ್ದಾಗಲೇ ಇಲ್ಲಿ ಅವರ ಎರಡು ವರ್ಷದ ಒಬ್ಬಳೇ ಮಗಳು ಜ್ವರದಲ್ಲಿ ತೀರಿಕೊಂಡಳು. ನಾನಾಗ ಕಾಲೇಜಿನಲ್ಲಿದ್ದೆ. ಅವರ ಎದುರು ಮಗುವಿನ ಮಾತೆತ್ತಬಾರದು ಎಂದು ಮನೆಯ ಹಿರಿಯರು ತಾಕೀತು ಮಾಡಿದ್ದರು. ಆ ತಾಕೀತನ್ನು ನಾನು ಎಷ್ಟು ಚೆನ್ನಾಗಿ ಪಾಲಿಸಿದೆನೆಂದರೆ ಮಗುವನ್ನೇ ಮರೆತುಬಿಟ್ಟೆ.

ತಿರುಗಿ ಬಂದ ಬಾಪ್ಪು ಊರಿನಲ್ಲಿ ನಿಲ್ಲದೆ ಮಾವ್ಶಿಯನ್ನು ಕರೆದುಕೊಂಡು ಒಮಾನಿಗೆ ಬಂದು, ಮಸ್ಕತ್ತಿನ ಅಲ್ ಖುವೈರಿನಲ್ಲಿ ಮಣ್ಣು ಪರೀಕ್ಷೆ ಮಾಡುವ ಕಂಪೆನಿಯೊಂದನ್ನು ಸೇರಿದರು. ತೊಂಬತ್ತರ ಹೊತ್ತಿಗೆ ನನಗೂ ಅಲ್ಲೇ ಕೆಲಸವಾಗಿ, ಅವರಿದ್ದ ಕಟ್ಟಡದ ಮೇಲಿನ ಮಹಡಿಗೆ ಹೆಂಡತಿಯೊಂದಿಗೆ ಬಂದು ಇಳಿದೆ. ಇಳಿದ ವಾರದಲ್ಲೇ ತಮಾಷೆ ಶುರು. ಅಲ್ಲಿ ವಾರದ ರಜೆ ಶುಕ್ರವಾರ; ಅಂದು ಚರ್ಚಿನ ಪೂಜೆಗೆ ಹೊರಟರೆ ಬಾಪ್ಪು ಎಲ್ಲರ ಹಾಗೆ ನಡೆಯುವುದಿಲ್ಲ. ಕಲ್ಲಿನಿಂದ ಕಲ್ಲಿಗೆ ಕಾಲು ಹಾಕುತ್ತಾ, ನೆಲ ಎಲ್ಲಾದರೂ ಚೂರು ತೇವ ಕಂಡರೆ ಗಕ್ಕನೆ ನಿಂತು, ಸುತ್ತು ಬಳಸಿ ಬರುವುದು. ಕಾಲುನೋವಿಗೆ ಒಳ್ಳೆಯ ಎಣ್ಣೆ ಉಂಟೆಂದು ಪಾದ್ರಿಗಳೇ ಒಮ್ಮೆ ಅವರಿಗೆ ಹೇಳಿ ಕಳಿಸಿದ್ದರು.

ಮಸ್ಕತ್ತಿನ ಆಚೆಯ ಬರ್ಕಾ ಊರಿನ ಮಾರುಕಟ್ಟೆಯಲ್ಲಂತೂ ಇನ್ನೂ ಚೆಂದ. ಒಂದು ಅಂಗಡಿಯ ಹಿಂದೆ ನೀರಿನ ಟ್ಯಾಂಕಿ ಸೋರುತ್ತಿತ್ತು. ಬಾಪ್ಪು ಅಲ್ಲಿ ಕುಕ್ಕರುಗಾಲಿನಲ್ಲಿ ಕೂತು ಭೂತಗನ್ನಡಿ ತೆಗೆದರು. ಅಂಗಡಿಯವರು ನಮ್ಮ ಕಡೆಯ ಬ್ಯಾರಿ ಸಾಹೇಬರು. ಪಾಪ, ಊರಿನವರ ಉಂಗುರ ಬಿದ್ದಿರಬೇಕೆಂದು ತಾವೂ ಪಕ್ಕದಲ್ಲಿ ಕೂತು ಕಾಲು ಗಂಟೆ ಹುಡುಕಿದರು. ಕೊನೆಗೆ ಬೆನ್ನು ನೋವಾಗಿ, ಬಿದ್ದದ್ದು ಎಂತ ಎಂದು ಕೇಳಿದರೆ, "ಬಿದ್ದದ್ದಲ್ಲ, ಬೆಳೆದದ್ದು" ಎಂದರಂತೆ ನಮ್ಮ ಬಾಪ್ಪು!

ಆದರೆ ಅವರ ಪ್ರಾಣವೆಲ್ಲ ಇದ್ದದ್ದು ನಮ್ಮ ಕಟ್ಟಡದ ಹಿಂದಿನ ಓಣಿಯಲ್ಲಿ. ಅವರ ಮನೆಯ ಎ.ಸಿ.ಯಿಂದ ನೀರು ತೊಟ್ಟಿಕ್ಕುವ ಜಾಗದಲ್ಲಿ, ಗೋಡೆಯ ಬುಡಕ್ಕೆ, ಒಂದು ಚಪಾತಿಯಷ್ಟಗಲ ಪಾಚಿ ಹಬ್ಬಿತ್ತು. ಬೆಳ್ಳಗೆ ಮಿನುಗುವ ಜಾತಿ. ಇದೇ ಜಾತಿ ಅಲ್ಲಿ ಧ್ರುವದಲ್ಲೂ ಉಂಟು ಎನ್ನುತ್ತಿದ್ದರು. ಸುತ್ತ ಕಲ್ಲು ಜೋಡಿಸಿದರು, ಹಗ್ಗ ಕಟ್ಟಿದರು. ಅಷ್ಟಕ್ಕೇ ನಿಂತಿದ್ದರೆ ಸರಿ, ಓಣಿಗೆ ಕಾಲಿಡುವವರಿಗೆಂದು ಆಫೀಸಿನಿಂದ ಅನುಮತಿಯ ಅರ್ಜಿ ಟೈಪ್ ಮಾಡಿಸಿಕೊಂಡು ಬಂದರು! ನನ್ನ ಹೆಂಡತಿಯ ಟವೆಲ್ ಬಾಲ್ಕನಿಯಿಂದ ಓಣಿಗೆ ಬಿದ್ದಾಗ ಅವಳು ಹೆಸರು, ಬರುವ ಉದ್ದೇಶ, ಹಾಕಿಕೊಂಡ ಚಪ್ಪಲಿಯ ನಮೂನೆ ಎಲ್ಲ ಬರೆದುಕೊಡಬೇಕಾಯಿತು. ನಾನು ಸುಮ್ಮನಿರುವ ಪೈಕಿಯೇ? ಒಂದು ಅರ್ಜಿ ತೆಗೆದುಕೊಂಡು, ಉದ್ದೇಶ ಎಂಬಲ್ಲಿ 'ಬಾಪ್ಪುವಿನ ತಲೆಯ ತಪಾಸಣೆ' ಎಂದು ಬರೆದುಕೊಟ್ಟೆ. ಅವರು ನಗಲಿಲ್ಲ, ಬೈಯಲಿಲ್ಲ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಕೆಳಗೆ 'ಅನುಮತಿ ಇಲ್ಲ' ಎಂದು ಬರೆದು ಸಹಿ ಹಾಕಿದರು. ಅದನ್ನು ನಾನು ಇಡೀ ಆಫೀಸಿಗೆ ತೋರಿಸಿ ನಗಿಸಿದೆ.

ಆ ಪಾಚಿಗೆ ದೊಡ್ಡ ಗಂಡಾಂತರ ಚಳಿಗಾಲ. ಡಿಸೆಂಬರಿನಲ್ಲಿ ಮಸ್ಕತ್ತಿನಲ್ಲಿ ಯಾರೂ ಎ.ಸಿ. ಹಾಕುವುದಿಲ್ಲ. ಎ.ಸಿ. ನಿಂತರೆ ನೀರು ನಿಂತಿತು, ನೀರು ನಿಂತರೆ ಪಾಚಿ ಖಲಾಸ್. ಬಕೆಟಿನಲ್ಲಿ ನೀರು ತಂದು ಸುರಿಯಬಾರದೇ ಎಂದರೆ, ಕೈಯಾರೆ ನೀರು ಹಾಕಿ ಬೆಳೆಸಿದ್ದು ತೋಟವಾಗುತ್ತದೆ, ಸಂರಕ್ಷಿತ ಪ್ರದೇಶವಾಗುವುದಿಲ್ಲ ಎಂಬ ಉತ್ತರ. ಹಾಗಾಗಿ ಆ ಮನೆಯಲ್ಲಿ ಚಳಿಗಾಲದಲ್ಲೂ ಎ.ಸಿ. ಗುರುಗುಟ್ಟುತ್ತಿತ್ತು. ಮಾವ್ಶಿ ಆಗಾಗ ಸೀನುವುದು ನಮ್ಮ ಮಹಡಿಗೂ ಕೇಳುತ್ತಿತ್ತು. ನನಗೆ ತಮಾಷೆ ಹೋಗಿ ಸಿಟ್ಟು ಬರತೊಡಗಿತು. ಹೆಂಡತಿಗಿಂತ ಪಾಚಿ ಹೆಚ್ಚಾಯಿತೇ ಈ ಮನುಷ್ಯನಿಗೆ?

ಒಂದು ವರ್ಷ ಕ್ರಿಸ್ಮಸ್ ಹತ್ತಿರವಿದ್ದಾಗ ಕಂಪೆನಿಯವರು ಬಾಪ್ಪುವನ್ನು ಎರಡು ವಾರಕ್ಕೆ ಬರ್ಕಾದ ಸೈಟಿಗೆ ಕಳಿಸಿದರು. ಹೆಂಡತಿ ಮಾಡಿದ ಕುಸ್ವಾರಿನ ತಿಂಡಿಗಳ ತಟ್ಟೆ ಹಿಡಿದು ನಾನು ಮಧ್ಯಾಹ್ನ ಕೆಳಗೆ ಹೋದೆ. ಬಾಗಿಲು ತೆರೆದ ಕೂಡಲೇ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಮಾವ್ಶಿ ಸ್ವೆಟರಿನ ಮೇಲೆ ಕಂಬಳಿ ಹೊದ್ದಿದ್ದರು. ಮೂಗು ಕೆಂಪಾಗಿತ್ತು.

"ಬಾಪ್ಪು ಹೇಗೂ ಇಲ್ಲ, ಇನ್ನಾದರೂ ಅದನ್ನು ಬಂದ್ ಮಾಡಿ ಮಾವ್ಶಿ. ಅವರ ಹುಚ್ಚಿಗೆ ನೀವು ಯಾಕೆ ಸಾಯಬೇಕು?" ಎಂದು ನಾನೇ ಸ್ವಿಚ್ಚಿಗೆ ಕೈ ಹಾಕಿದೆ. ಮಾವ್ಶಿ ನನ್ನ ಕೈ ಹಿಡಿದುಕೊಂಡರು.

"ಅವರು ಹಾಕಿದ್ದಲ್ಲ ಮಗಾ. ನಿನಗೆ ಶೀತ ಆಗ್ತದೆ, ಅದು ಸತ್ತರೆ ಸಾಯಲಿ ಅಂತ ಅವರು ಪ್ರತಿ ವರ್ಷ ಬಂದ್ ಮಾಡ್ತಾರೆ. ಮತ್ತೆ ಹಾಕುವುದು ನಾನು."

ನಾನು ಸ್ವಿಚ್ಚಿನಿಂದ ಕೈ ತೆಗೆದೆ. ಆಗ ಮಾವ್ಶಿಯೇ ಹೇಳಿದರು. ಮಗು ಹೋದ ಸುದ್ದಿ ಶಿಬಿರಕ್ಕೆ ರೇಡಿಯೋ ಸಂದೇಶದಲ್ಲಿ ಬಂದಾಗ ಬಾಪ್ಪು ಚೌಕಟ್ಟು ಇಟ್ಟುಕೊಂಡು ಕೆಲಸದಲ್ಲಿದ್ದರಂತೆ. ಜೊತೆಯವರೊಬ್ಬರು ನಡೆದು ಬಂದು ವಿಷಯ ತಿಳಿಸಿದರು. ಬಾಪ್ಪು ಇದ್ದಲ್ಲೇ ಕುಸಿದು ಕೂತರು, ಪಾಚಿಯ ಮೇಲೆಯೇ. ಎದ್ದು ನೋಡಿದರೆ ಕೂತಷ್ಟು ಜಾಗ ಅಪ್ಪಚ್ಚಿ. ಯಾರೂ ಒಂದು ಮಾತು ಬೈಯಲಿಲ್ಲ. ಬಾಪ್ಪುವೇ ಪುಸ್ತಕ ತೆಗೆದು, ಹಾನಿ ಇಷ್ಟು, ಕಾರಣ ಸಹಾಯಕ ಎಂದು ಬರೆದಿಟ್ಟರು. ಹಡಗು ಹೊರಡಲು ಆಮೇಲೂ ಎರಡು ತಿಂಗಳಿತ್ತು.

"ಮಗುವಿಗೆ ಅಂತ ಅವರು ನನ್ನ ಎದುರು ಒಂದು ದಿನ ಅಳಲಿಲ್ಲ. ಆ ಪಾಚಿ ಹಾಳು ಮಾಡಿದೆ ಅಂತ ಎಷ್ಟು ಸಲ ಅತ್ತಿದ್ದಾರೋ. ಮೊದಲು ನನಗೂ ಸಿಟ್ಟು ಬರ್ತಿತ್ತು. ಅಳುವುದು ಯಾರಿಗೆ ಅಂತ ಆಮೇಲೆ ಗೊತ್ತಾಯ್ತು."

ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡು ಅವರು ಎ.ಸಿ.ಯ ಕೆಳಗಿನ ಕುರ್ಚಿಯಲ್ಲಿ ಕೂತರು.

"ಮಗುವಿಗೆ ಜ್ವರ ಬಂದಾಗ ನಾನೊಬ್ಬಳೇ ಕೂತಿದ್ದೆ. ಒಬ್ಬರೇ ಕೂತುಕೊಳ್ಳುವ ಕಷ್ಟ ನನಗೆ ಗೊತ್ತುಂಟು. ಇದನ್ನು ಅವರೊಬ್ಬರೇ ನೋಡಿಕೊಳ್ಳುವುದು ಬೇಡ."

ನಾನು ತಟ್ಟೆಯನ್ನು ಮೇಜಿನ ಮೇಲಿಟ್ಟು, ಇನ್ನೊಂದು ಕುರ್ಚಿ ಎಳೆದುಕೊಂಡು, ಆ ಚಳಿಯಲ್ಲಿ ಅವರ ಪಕ್ಕದಲ್ಲಿ ಕೂತೆ.