ಬಾಗಿಲ ಮೇಲಿನ ನನ್ನ ಬೋರ್ಡು

ಒಂದೇ ಅಡುಗೆಮನೆಯಲ್ಲಿ ಎರಡು ಸಂಸಾರ ನಡೆಯುವಾಗ ಯಾರಾದರೊಬ್ಬರಿಗೆ ಯಜಮಾನಿಕೆಯ ಭ್ರಮೆ ಹಿಡಿಯುತ್ತದೆ. ಗಲ್ಫಿನಲ್ಲಿ, ಮಲಾಜ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಅದು ಹಿಡಿದದ್ದು ನನಗೆ. ಮನೆ ಇದ್ದದ್ದು ಭಟ್ಕಳದ ಇಕ್ಬಾಲ್ ಭಾಯಿಯ ಹೆಸರಿನಲ್ಲಿ. ನನ್ನ ಕಂಪೆನಿ ಮನೆ ಭತ್ಯೆ ನಿಲ್ಲಿಸಿದಾಗ ಒಂದು ಕೋಣೆ ಬಿಟ್ಟುಕೊಟ್ಟ ಪುಣ್ಯಾತ್ಮರು ಅವರು. ಆದರೆ ಬಾಗಿಲಿಗೆ 'ಅಬ್ದುಲ್ ಖಾದರ್, ಉಡುಪಿ' ಎಂದು ಬೋರ್ಡು ಹೊಡೆದವನು ನಾನು. ಊರಿನವರು ಬಂದರೆ ದಾರಿ ತಪ್ಪಬಾರದಲ್ಲ! ಅವರ ಮನೆಯಾಕೆ ಬಂಗುಡೆ ಹುರಿದರೆ ಕಿಟಕಿ ತೆರೆಯಿರಿ ಎನ್ನುತ್ತಿದ್ದೆ. ನನ್ನ ಹೆಂಡತಿ ಒಣಮೀನು ಸುಟ್ಟರೆ ಅದು ಊರಿನ ಪರಿಮಳ.

ಹೀಗಿರುವಾಗ ಇಕ್ಬಾಲ್ ಭಾಯಿಯ ಮಗನಿಗೆ ಮದುವೆ ನಿಶ್ಚಯವಾಯಿತು. ಸೊಸೆ ಬಂದರೆ ನಮ್ಮ ಕೋಣೆ ಬೇಕೇ ಬೇಕು. ನನ್ನ ಮಗಳು ರೆಹಾನಾಳಿಗೆ ಹನ್ನೆರಡನೇ ಕ್ಲಾಸಿನ ಪರೀಕ್ಷೆ ಎದುರಿಗಿತ್ತು. ಗಂಟುಮೂಟೆ ಕಟ್ಟಿ ಎಲ್ಲಿಗೆ ಹೋಗುವುದು? ಅವರು ಈ ಮಾತನ್ನೇ ಎತ್ತುತ್ತಿರಲಿಲ್ಲ. ಎತ್ತದಿದ್ದುದರಿಂದ ನನಗೆ ಇನ್ನೂ ಭಯ.

ಆಗಲೇ ಶಾಲೆಯಲ್ಲಿ ರೆಹಾನಾಳಿಗೆ ಭಾಷಣಕ್ಕೊಂದು ವಿಷಯ ಬಂತು: ಎರಡು ಸಂಸ್ಥೆಗಳು ಕೈಜೋಡಿಸಿದ ಕಥೆ. ಅವಳು ಇಂಟರ್ನೆಟ್ಟಿನಲ್ಲಿ ಹುಡುಕಿ ಅಮೆರಿಕದ ಎಲ್ಲಿಯದೋ ಒಂದು ಸೆಮಿನರಿಯ ಚರಿತ್ರೆ ಹಿಡಿದು ತಂದಳು. ಶುಕ್ರವಾರದ ಊಟ ಮುಗಿದ ಮೇಲೆ ಎರಡೂ ಸಂಸಾರಗಳನ್ನು ಅಡುಗೆಮನೆಯಲ್ಲಿ ಕೂರಿಸಿ ತಾಲೀಮು ಶುರುಮಾಡಿದಳು.

"ಅದು ಎಪಿಸ್ಕೋಪಲ್ ಪಂಥದ್ದು, ಪಾದ್ರಿ ಆಗುವವರು ಓದುವ ಶಾಲೆ. ಮಕ್ಕಳು ಕಡಿಮೆಯಾಗಿ ನಡೆಸ್ಲಿಕ್ಕೆ ಕಷ್ಟ ಆಯ್ತು. ಆಗ ಹತ್ತಿರದ ಯೂನಿವರ್ಸಿಟಿಯವರು, ನಮ್ಮಲ್ಲಿಗೆ ಬನ್ನಿ ಅಂದ್ರು. ಲೈಬ್ರರಿ, ಊಟದ ಹಾಲ್ ಎಲ್ಲ ಒಟ್ಟಿಗೆ. ಪ್ರಾರ್ಥನೆ ಮಾತ್ರ ಅವರದ್ದೇ, ಹೆಸರಿನ ಬೋರ್ಡೂ ಅವರದ್ದೇ."

"ಅಲ್ಲ, ಜಾಗ ಕೊಟ್ಟವರದ್ದು ಬಿಟ್ಟು, ಬಂದವರದ್ದು ಬೋರ್ಡಾ? ಎಂತ ಧೈರ್ಯ ಮಾರಾಯ್ತಿ!" ಎಂದೆ ನಾನು, ಯೂನಿವರ್ಸಿಟಿಯ ಪರವಾಗಿ.

ನನ್ನ ಹೆಂಡತಿ ಪಾತ್ರೆ ತೊಳೆಯಲು ಎದ್ದಳು.

"ಉಪ್ಪಾ, ಈ ಮನೆಯಲ್ಲಿ ಸೆಮಿನರಿ ನಾವು" ಎಂದಳು ರೆಹಾನಾ ಮೆಲ್ಲಗೆ.

ಇಕ್ಬಾಲ್ ಭಾಯಿ ಸುಲೈಮಾನಿ ಚಹಾ ಚೆಲ್ಲುವಷ್ಟು ನಕ್ಕರು. "ಪರೀಕ್ಷೆ ಟೈಮಲ್ಲಿ ಸೆಮಿನರಿಯನ್ನು ಯಾರಾದ್ರೂ ಹೊರಗೆ ಹಾಕ್ತಾರಾ ಖಾದರ್ ಭಾಯ್? ಮಗ ಬೇರೆ ಮನೆ ನೋಡಿದ್ದಾನೆ. ಹುಡುಗಿ ಓದ್ಲಿ" ಎಂದರು. ನಾನು ಒಳಗೊಳಗೇ ಬೇಯುತ್ತಿದ್ದುದು ಅವರಿಗೆ ಮೊದಲೇ ಗೊತ್ತಿತ್ತೋ ಏನೋ. ಅಂಥ ನೆರೆಕರೆ ಸಿಕ್ಕಿದ್ದಕ್ಕೆ ಇಂದಿಗೂ ಅಲ್ಲಾಹನಿಗೆ ಶುಕ್ರ್ ಹೇಳುತ್ತೇನೆ.

ಆ ಸಂಜೆ ಸ್ಕ್ರೂಡ್ರೈವರ್ ಹಿಡಿದು ಬೋರ್ಡು ಬಿಚ್ಚಲು ಹೊರಟೆ. ಇಕ್ಬಾಲ್ ಭಾಯಿ ತಡೆದರು: "ಇರ್ಲಿ ಮಾರಾಯ್ರೆ, ನೀರಿನ ಕ್ಯಾನ್‌ನವನು ಅದನ್ನೇ ನೋಡಿ ಬರೋದು." ಹಾಗಾಗಿ ಬತ್ಹಾ ಪೇಟೆಗೆ ಹೋಗಿ ಅವರ ಹೆಸರಿನದೂ ಒಂದು ಬರೆಸಿ ತಂದು, ನನ್ನದಕ್ಕಿಂತ ಮೇಲೆಯೇ ಹೊಡೆದೆ. ಅಕ್ಷರ ಮಾತ್ರ ನನ್ನದರಲ್ಲೇ ತುಸು ದೊಡ್ಡದು.