ಏರೋಪ್ಲೇನ್ ಚಿಟ್ಟೆ ಬಣ್ಣದ ಹರಕೆ ಸೀರೆ

ಹರಕೆ ಹೊರುವುದರಲ್ಲಿ ನನ್ನಷ್ಟು ಅಚ್ಚುಕಟ್ಟಾದ ಹೆಂಗಸು ಮದ್ದೂರು ಸೀಮೆಯಲ್ಲೇ ಇಲ್ಲವೆಂದು ನಂಬಿದ್ದೆ. ನೈಲೆಕ್ಸ್ ಸೀರೆ ಹೊಸದಾಗಿ ಬಂದಿದ್ದ ಕಾಲವದು.

ಮಗಳಿಗೆ ದಿನ ತುಂಬಿತ್ತು. ಚೊಚ್ಚಿಲು ಬೇರೆ. ನಾಲೆಯಲ್ಲಿ ಬಟ್ಟೆ ಒಗೆಯುತ್ತ ಕಂಗಾಲಾಗಿ ಕೂತಿದ್ದೆ. ಎದುರಿಗೆ ಜೊಂಡಿನ ತುದಿಯಲ್ಲಿ ಒಂದು ಏರೋಪ್ಲೇನ್ ಚಿಟ್ಟೆ. ಕುಂಕುಮಕ್ಕೆ ಚೂರು ನೇರಳೆ ಬೆರೆಸಿದಂಥ ಮೈ. ಗಾಜಿನಂಥ ರೆಕ್ಕೆ, ಅದರೊಳಗೂ ಕೆಂಪು ನರ! ಹಾರಿ ಹೋಗಿ ಮತ್ತೆ ಅದೇ ಜೊಂಡಿಗೆ ಬಂದು ಕೂರುತ್ತಿತ್ತು. ಊರಮ್ಮ ತಾಯಿಯೇ ಕಳಿಸಿದಳು ಅನ್ನಿಸಿತು.

"ಊರಮ್ಮಾ, ಮಗಳು ಸುಖವಾಗಿ ಹೆತ್ತರೆ ಈ ಚಿಟ್ಟೆಯ ಬಣ್ಣದ ಸೀರೆಯನ್ನೇ ನಿನಗೆ ಉಡಿಸುತ್ತೇನೆ" ಎಂದು ಕೈಮುಗಿದೆ. ಬರೀ ಕೆಂಪು ಸೀರೆ ಎಂದಿದ್ದರೆ ಸಾಕಿತ್ತು!

ಹೆರಿಗೆ ಸಲೀಸಾಯಿತು. ತಾಯಿ ದೊಡ್ಡವಳು. ಪುರುಡು ಕಳೆದ ಮೇಲೆ ಮಂಡ್ಯಕ್ಕೆ ಹೊರಟಿದ್ದ ಯಜಮಾನರಿಗೆ ಸೀರೆ ತರಲು ಹೇಳಿದೆ. "ನಾಲೆ ಮೇಲಿನ ಚಿಟ್ಟೆ ಬಣ್ಣ. ಕಣ್ಣಾರೆ ನೋಡ್ಕಂಡೇ ಬಸ್ಸು ಹತ್ತಿ."

ನೋಡಿಕೊಂಡೇ ಹತ್ತಿದರಂತೆ. ಸಂಜೆ ತಂದದ್ದು ಅರಿಸಿನ ಬಣ್ಣದ ಸೀರೆ. ಅದಕ್ಕೆ ಕಪ್ಪಂಚು!

ನನಗೆ ಮೈಯೆಲ್ಲ ಉರಿದುಹೋಯಿತು. "ತಾಯಿಗೆ ಕಪ್ಪಂಚಾ? ನಿಮ್ ಕಣ್ಣಿಗೆ ಏನ್ ಬಂದಿತ್ರೀ?"

"ಲೇ, ಜೊಂಡಿನ ಮೇಲೆ ಕೂತಿದ್ದುದೇ ಅಂಗೆ ಕಣೇ. ಅರಿಸಿನದ ಮೈ, ಕರೀ ಗೀಟು!"

"ಹಂಗಾದ್ರೆ ನಾನು ಸುಳ್ಳಿ! ಅಲ್ವಾ?"

ಮಾರನೆಯ ದಿನ ಶುಕ್ರವಾರ. ಪೂಜಾರಪ್ಪ ಹರಕೆ ಸೀರೆಗಾಗಿ ಗುಡಿಯಲ್ಲಿ ಕಾಯುತ್ತಿದ್ದ. ನಾನು ಸೀರೆಯನ್ನು ಕಂಕುಳಲ್ಲಿಟ್ಟುಕೊಂಡು, ಯಜಮಾನರನ್ನು ಸಾಕ್ಷಿ ಸಮೇತ ಸೋಲಿಸಲು ನಾಲೆಗೆ ಕರೆದೊಯ್ದೆ.

ಜೊಂಡಿನ ಮೇಲೆ ಕೂತಿತ್ತು. ಅರಿಸಿನದ್ದು!

ಯಜಮಾನರು ಸುಮ್ಮನೆ ಕೆಮ್ಮಿದರು. ಆ ಕೆಮ್ಮನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

"ಅದು ಬೇರೆ ಜಾತೀದು!" ಎಂದು ಕೂಗಿದೆ. ಕೂಗಿದ್ದೇ ತಡ, ಎಲ್ಲಿಂದಲೋ ನನ್ನ ಕೆಂಪು ಚಿಟ್ಟೆ ಬಂದು, ಅರಿಸಿನದ್ದರ ಕತ್ತಿಗೆ ಬಾಲ ಸಿಕ್ಕಿಸಿತು. ಎರಡೂ ಬಳೆಯಂತೆ ಬಾಗಿ ನಮ್ಮೆದುರೇ ಕೂತವು. ನಾಚಿಕೆಯಿಲ್ಲದವು! ಸೆರಗು ಎಳೆದುಕೊಂಡು ಮುಖ ತಿರುಗಿಸಿದೆ.

ಪಕ್ಕದ ಕಲ್ಲಿನ ಮೇಲೆ ಬಟ್ಟೆ ಕುಕ್ಕುತ್ತಿದ್ದ ನೆರೆಮನೆಯ ನಿಂಗಮ್ಮ ಬಿದ್ದು ಬಿದ್ದು ನಕ್ಕಳು. "ಬುಡಕ್ಕಾ, ಬ್ಯಾರೆ ಜಾತಿಯಂತೆ! ಗಂಡ ಎಂಡ್ತಿ ಕಣಕ್ಕಾ ಅವು. ಕೆಂಪುದ್ದು ಗಂಡು, ಅರಿಸಿನದ್ದು ಎಣ್ಣು!"

"ಅಂದ್ರೆ ನೀನು ತಾಯಿಗೆ ಗಂಡಸ್ರ ಬಣ್ಣ ಉಡಿಸಕ್ಕೆ ಹೊಂಟಿದ್ಯಾ?" ಎಂದರು ಯಜಮಾನರು.

ರೇಗಿ ಗಿರ್ರನೆ ತಿರುಗಿದೆ. ಕಾಲಡಿ ಪಾಚಿ. ನಾನೂ ಸೀರೆಯೂ ಒಟ್ಟಿಗೆ ನಾಲೆಗೆ! ಮೊಣಕಾಲುದ್ದ ನೀರಿದ್ದದ್ದು ತಾಯಿಯ ದಯೆ. ಆದರೆ ನಾನು ಏಳುವಾಗ ಊರಿದ ಕಾಲು ಸೀರೆಯ ಮೇಲೇ ಬಿತ್ತು. ತುಳಿದ ಸೀರೆ ದೇವರಿಗೆ ಆದೀತೆ?

ಮನೆಗೆ ಓಡಿದೆ. ಮೊಮ್ಮಗನ ನಾಮಕರಣಕ್ಕೆ ಉಡಲೆಂದು ಬೀಗರು ಕೊಟ್ಟಿದ್ದ, ಮಡಿಕೆ ಬಿಚ್ಚದ ಕೆಂಪು ರೇಷ್ಮೆ ಸೀರೆಯನ್ನೇ ಒಯ್ದು ಗುಡಿಗೆ ಒಪ್ಪಿಸಿದೆ. ಒಪ್ಪಿಸುವ ಮೊದಲು ಎರಡು ಸಲ ಸವರಿ ನೋಡಿದೆ, ನಿಜ ಹೇಳುತ್ತೇನೆ. ಉಟ್ಟ ತಾಯಿ ಝಗಮಗಿಸಿದಳು.

ನಾಮಕರಣಕ್ಕೆ ನನಗುಳಿದದ್ದು ಅರಿಸಿನದ ಸೀರೆ. ಮೂರು ಸಲ ಒಗೆದರೂ ಕೆಸರಿನ ಕಲೆ ಬಿಟ್ಟಿರಲಿಲ್ಲ. ಮಗಳ ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು: "ಯಾಕಕ್ಕಾ, ನಾವು ಕೊಟ್ಟ ಸೀರೆ ಇಡಿಸ್ನಿಲ್ವಾ?"

ಉತ್ತರ ಹೇಳೋಣವೆಂದರೆ ಚಿಟ್ಟೆಯ ಸಂಸಾರದಿಂದ ಶುರುಮಾಡಬೇಕು! "ಹಂಗಲ್ಲ ಕಣಮ್ಮ, ನಂಗೆ ಈ ಬಣ್ಣವೇ ಒಪ್ಪೋದು" ಎಂದುಬಿಟ್ಟೆ.

ಇಲ್ಲ, ಕೆಂಪೇ ಒಪ್ಪೋದು ಎನ್ನುತ್ತಾರೆಂದು ಕಾದೆ. ಆಯಮ್ಮ ಕಲೆಯನ್ನೂ ಸೇರಿಸಿ ಇನ್ನೊಮ್ಮೆ ನೋಡಿ, "ಊಂ ಕಣಕ್ಕಾ, ಒಪ್ತದೆ" ಎಂದರು!