ಅಪ್ಪನ ಅಂಕಣ

ಈ ದೇಶದ ಮೂರನೇ ತರಗತಿಯ ಮಕ್ಕಳೆಲ್ಲ ಮುಂದಿನ ಹತ್ತು ವರ್ಷ ಏನು ಕಲಿಯಬೇಕು ಎಂಬುದನ್ನು ತೀರ್ಮಾನಿಸಿದವನು ನಾನು. ನಾನೊಬ್ಬನೇ ಅಲ್ಲ ಅನ್ನಿ, ರಾಷ್ಟ್ರೀಯ ಪಠ್ಯಕ್ರಮ ರಚನಾ ಮಂಡಳಿಯಲ್ಲಿ ಹನ್ನೊಂದು ಜನ ಇದ್ದೆವು. ಆದರೆ ಉಳಿದ ಹತ್ತು ಜನ ಬಿಸ್ಕತ್ತಿನ ತಟ್ಟೆಯ ಕಡೆ ನೋಡುತ್ತಿದ್ದಾಗ ಬಾಯಿ ಬಿಟ್ಟು ಮಾತಾಡಿದವನು ನಾನೇ. ಇಂಥ ಶಿಕ್ಷಣ ಧುರೀಣನಿಗೆ ಸ್ವಂತ ಮನೆಯಲ್ಲಿ ಮೂರು ಕಾಸಿನ ಬೆಲೆ ಇಲ್ಲ ಎಂದರೆ ನೀವು ನಂಬುವುದಿಲ್ಲ. ನಂಬಿಸುತ್ತೇನೆ, ಕೇಳಿ.

ಮೂರನೇ ತರಗತಿಯ ಪರಿಸರ ಪುಸ್ತಕದಲ್ಲಿ ಒಂದೇ ಒಂದು ಪಾಠಕ್ಕೆ ಜಾಗ ಉಳಿದಿತ್ತು, ನಾಲ್ಕು ಪುಟ. ಅದಕ್ಕೆ ಇಬ್ಬರು ಉಮೇದುವಾರರು. ಒಬ್ಬರು ನಿವೃತ್ತ ಭೂಗೋಳದ ಮೇಷ್ಟ್ರು, ಅವರ ಪಾಠ ‘ನಮ್ಮ ಅಂಗಳದ ಮರ’. (ಅವರ ಮನೆಗೆ ಅಂಗಳವೂ ಇಲ್ಲ, ಮರವೂ ಇಲ್ಲ. ಮೂರನೇ ಮಹಡಿ.) ಇನ್ನೊಬ್ಬ ನಾನು, ನನ್ನ ಪಾಠ ‘ಮನೆಕೆಲಸ, ಎಲ್ಲರ ಪಾಲು’. ಎರಡು ವರ್ಷ ತಿದ್ದಿ ತೀಡಿದ ಪಾಠ ಅದು. ಮಗು ಒಂದು ದೊಡ್ಡ ಹಾಳೆಯ ಮೇಲೆ ಮನೆಯವರಿಗೆಲ್ಲ ಒಂದೊಂದು ಅಂಕಣ ಎಳೆಯಬೇಕು. ಮೊದಲ ವಾರ ಯಾರು ಯಾವ ಕೆಲಸ ಮಾಡುತ್ತಾರೆ ಎಂದು ಸುಮ್ಮನೆ ನೋಡಿ ಬರೆಯಬೇಕು. ಎರಡನೇ ವಾರ ಎಲ್ಲರೂ ಕೆಲಸ ಹಂಚಿಕೊಳ್ಳಬೇಕು, ಅದನ್ನೂ ಬರೆಯಬೇಕು. ಆಮೇಲೆ ಎರಡನ್ನೂ ಹೋಲಿಸಬೇಕು.

“ಮಕ್ಕಳು ಸುಮ್ ಸುಮ್ನೆ ಏನೇನೋ ಬರ್ಕೊಂಡ್ ಬರ್ತಾರೆ ಸ್ವಾಮಿ” ಎಂದು ಮೇಷ್ಟ್ರು ಸಭೆಯಲ್ಲಿ ಕಲ್ಲು ಹಾಕಿದರು. “ಅಪ್ಪ ಪೊರಕೆ ಮುಟ್ಟಿದ್ರೂ ಗುಡಿಸಿದ್ರು ಅಂತ ಬರೀತಾರೆ.”

ನಾನು ಬಿಡುವ ಆಸಾಮಿಯೇ? ಅಲ್ಲೇ, ಆ ಕ್ಷಣದಲ್ಲೇ, ಒಂದು ನಿಯಮ ರಚಿಸಿದೆ: ‘ಒಬ್ಬರು ಮಾಡಿದ ಕೆಲಸವನ್ನು ಇನ್ನೊಬ್ಬರು ಮತ್ತೆ ಮಾಡಬೇಕಾಗಿ ಬಂದಲ್ಲಿ, ಆ ಕೆಲಸವು ಎರಡನೆಯವರ ಅಂಕಣಕ್ಕೇ ಸೇರತಕ್ಕದ್ದು.’ ಸಭೆ ಮೇಜು ಕುಟ್ಟಿತು. ನಿರ್ದೇಶಕಿ ಮೇಡಂ ಕನ್ನಡಕ ತೆಗೆದು ನನ್ನನ್ನೇ ನೋಡಿ, “ನಿಯಮ ಚೆನ್ನಾಗಿದೆ. ನಿಮ್ಮ ಮನೇಲೇ ಎರಡು ವಾರ ಮಾಡಿಸಿ. ಎರಡನೇ ವಾರದ ಶನಿವಾರ ಬೆಳಿಗ್ಗೆ ನಾನೇ ಬಂದು ನೋಡ್ತೀನಿ. ಸರಿಹೋದ್ರೆ ಪಾಠ ನಿಮ್ದು, ಇಲ್ದಿದ್ರೆ ಮರ” ಎಂದರು.

ನನಗೆ ಅಳುಕೇನೂ ಇರಲಿಲ್ಲ. ಮನೆಯಲ್ಲಿ ಮೂರನೇ ತರಗತಿಯ ಮಗಳೇ ಇದ್ದಳು. ಅವಳನ್ನು ನಾವು ಕರೆಯುವುದು ಲಾಯರಮ್ಮ ಎಂದು. ‘ಐದು ನಿಮಿಷ ಟಿವಿ ನೋಡು’ ಎಂದರೆ ಜಾಹೀರಾತಿನ ಹೊತ್ತನ್ನು ಕಳೆದು ಐದು ನಿಮಿಷ ಹಿಡಿಯುವ ಜಾತಿ. ಅವಳಮ್ಮ, ಅಂದರೆ ನನ್ನ ಹೆಂಡತಿ, ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸು. ಹದಿನೆಂಟು ವರ್ಷದಿಂದ ಕತ್ತರಿ, ಚಿಮಟಗಳನ್ನು ಕುದಿಸಿ ಕುದಿಸಿ ಅವಳ ನಿಘಂಟಿನಲ್ಲಿ ‘ಚೊಕ್ಕಟ’ ಎಂಬ ಪದಕ್ಕೆ ಬೇರೆಯೇ ಅರ್ಥ ಬಂದುಬಿಟ್ಟಿದೆ.

ಮೊದಲ ವಾರ ಮುಗಿದ ದಿನ ಲಾಯರಮ್ಮ ಊಟದ ಮೇಜಿನ ಮೇಲೆ ಹಾಳೆ ಹರಡಿದಳು. ಅಮ್ಮನ ಅಂಕಣದಲ್ಲಿ ಹದಿನಾಲ್ಕು ಕೆಲಸ. ಮಗಳದರಲ್ಲಿ ಮೂರು. ಅಪ್ಪ ಎಂದು ಬರೆದುದರ ಕೆಳಗೆ ಬಿಳಿ ಕಾಗದ.

“ಇದೇನೇ ಇದು? ನಾನು ದಿನಾ ಬಾಗಿಲು ತೆಗೆದು ಪೇಪರ್ ತರಲ್ವಾ?”

“ಅದನ್ನ ನೀನೇ ಓದ್ತೀಯಲ್ಲಪ್ಪಾ. ನಿನ್ನ ಪಾಠದಲ್ಲೇ ಇದೆ, ತನಗಾಗಿ ಮಾತ್ರ ಮಾಡಿಕೊಳ್ಳೋದು ಮನೆಕೆಲಸ ಅಲ್ಲ ಅಂತ. ನಾಲ್ಕನೇ ಸಾಲು.”

ಇತ್ತು. ನಾಲ್ಕನೇ ಸಾಲಿನಲ್ಲೇ ಇತ್ತು. ಆದರೆ ಎದೆಗುಂದುವ ಪೈಕಿ ನಾನಲ್ಲ. ಎರಡನೇ ವಾರ ಇನ್ನೂ ಪೂರ್ತಿ ಬಾಕಿ ಇತ್ತು. ಈ ಖಾಲಿ ಅಂಕಣ ಶನಿವಾರದೊಳಗೆ ತುಂಬಿ ತುಳುಕಬೇಕು ಎಂದು ಪಣ ತೊಟ್ಟೆ.

ಸೋಮವಾರ ಹೆಂಡತಿ ಡ್ಯೂಟಿಯಿಂದ ಬರುವ ಹೊತ್ತಿಗೆ ಸಿಂಕಿನಲ್ಲಿದ್ದ ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕಿ, ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದೆ. ಅವಳು ಚೀಲ ಕೂಡ ಕೆಳಗಿಡದೆ ಒಂದು ಬಟ್ಟಲು ತೆಗೆದು ದೀಪಕ್ಕೆ ಹಿಡಿದಳು. ಎಕ್ಸ್‌ರೇ ನೋಡುವವರು ಹೀಗೇ ನೋಡುವುದು.

“ರೀ, ಇದನ್ನ ಸೋಪಲ್ಲಿ ತೊಳೆದ್ರಾ, ಇಲ್ಲಾ ಸೋಪು ತೋರಿಸಿ ತೊಳೆದ್ರಾ?”

“ಅಲ್ಲ ಕಣೇ, ಫಳಫಳ ಹೊಳೀತಿದೆ.”

“ಹೊಳೀತಿರೋದು ಎಣ್ಣೆ.”

ನೀರಿನ ಸದ್ದು ಶುರುವಾಯಿತು. ಅದರ ಜೊತೆಗೇ ಇನ್ನೊಂದು ಸದ್ದೂ ಕೇಳಿಸಿತು, ಸ್ಕೆಚ್ ಪೆನ್ನಿನ ಮುಚ್ಚಳ ತೆಗೆದ ಸದ್ದು. ಲಾಯರಮ್ಮ ಅಮ್ಮನ ಅಂಕಣದಲ್ಲಿ ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದಳು: ‘15. ಅಪ್ಪ ತೊಳೆದ ಪಾತ್ರೆ ತೊಳೆಯುವುದು.’

ಮಂಗಳವಾರ ಬಟ್ಟೆ ಮಡಿಚಿದೆ. ನನ್ನ ಪ್ರಕಾರ ಅದು ಮಡಿಕೆ, ಹೆಂಡತಿಯ ಪ್ರಕಾರ ಗಂಟು. ‘16. ಅಪ್ಪ ಮಡಿಚಿದ ಬಟ್ಟೆ ಬಿಡಿಸುವುದು. 17. ಮತ್ತೆ ಮಡಿಚುವುದು.’ (ಒಂದೇ ಕೆಲಸವನ್ನು ಎರಡು ಮಾಡಿದೆಯೇಕೆ ಎಂದು ಮಗಳನ್ನು ಕೇಳಿದೆ. ಸಂಕೀರ್ಣ ಕೆಲಸಗಳನ್ನು ಹಂತಗಳಾಗಿ ಬಿಡಿಸಿ ಬರೆಯಬೇಕು ಎಂಬ ನನ್ನದೇ ಸೂಚನೆಯನ್ನು ಓದಿ ಹೇಳಿದಳು.) ಬುಧವಾರ ಬೆಳಿಗ್ಗೆ ಹಾಲು ಕಾಯಿಸಲು ಇಟ್ಟು, ಉಕ್ಕುವವರೆಗಿನ ಸಮಯ ವ್ಯರ್ಥವಾಗಬಾರದೆಂದು ಪಾಠದ ಮುನ್ನುಡಿ ತಿದ್ದುತ್ತಾ ಕೂತೆ. ಹದಿನೆಂಟು ಮತ್ತು ಹತ್ತೊಂಬತ್ತು ಅಲ್ಲಿಗೆ ಸೇರಿದವು, ಒಲೆ ಉಜ್ಜುವುದು ಮತ್ತು ನೆಲ ಒರೆಸುವುದು. ಗುರುವಾರ ಕಸದ ಬುಟ್ಟಿಯನ್ನು ಗೇಟಿನ ಹೊರಗಿಟ್ಟು ಬಂದು ಎದೆಯುಬ್ಬಿಸಿ ಕೂತೆ. ಕಸದ ಗಾಡಿ ಬರುವುದು ಶುಕ್ರವಾರವಂತೆ. ಅಷ್ಟರಲ್ಲಿ ಬೀದಿನಾಯಿಗಳು ಬುಟ್ಟಿಯನ್ನು ವಿಷಯವಾರು ವಿಂಗಡಿಸಿದ್ದವು. ಹೆಂಡತಿ ಹೋಗಿ ಬಾಚಿಕೊಂಡು ಬಂದಳು. ಇಪ್ಪತ್ತು.

“ನನ್ನ ಮೇಲೆ ಹಗೆ ಇದ್ರೆ ಬಾಯ್ಬಿಟ್ಟು ಹೇಳ್ರೀ” ಎಂದಳು ಕೈ ತೊಳೆಯುತ್ತಾ. “ಹೀಗೆ ಸಹಾಯ ಮಾಡಿ ಕೊಲ್ಬೇಡಿ.”

“ದೇಶದ ಮಕ್ಕಳ ಭವಿಷ್ಯದ ಪ್ರಶ್ನೆ ಇದು. ಸ್ವಲ್ಪ ಸಹಿಸಿಕೋ. ಒಂದೇ ಒಂದು ಬಟ್ಟಲನ್ನಾದ್ರೂ ಹಾಗೇ ಬಿಟ್ರೆ ನಿನ್ನ ಗಂಟೇನು ಹೋಗುತ್ತೆ?”

“ಎಣ್ಣೆ ಬಟ್ಟಲಲ್ಲಿ ಮಗೂಗೆ ಊಟ ಹಾಕ್ಲಾ? ನಿಮ್ಮ ನಾಲ್ಕು ಪುಟಕ್ಕೋಸ್ಕರ?”

ನಿಜ ಹೇಳಬೇಕೆಂದರೆ ಆಗ ಭಯವಾಯಿತು. ಎರಡು ವರ್ಷ, ಮೂವತ್ತೊಂದು ಸಭೆ, ಏಳು ಕರಡು. ಮಗಳ ಕೈಗೆ ಬರುವ ಪುಸ್ತಕದಲ್ಲಿ ನನ್ನದೊಂದು ಪಾಠ ಇರಬೇಕು ಎಂಬ ಒಂದೇ ಆಸೆ. ಅದೀಗ ಮೂರನೇ ಮಹಡಿಯ ಮರದ ಪಾಲಾಗುವುದರಲ್ಲಿತ್ತು. ಶುಕ್ರವಾರ ಮಗಳನ್ನು ಪಕ್ಕಕ್ಕೆ ಕರೆದು, ಐಸ್‌ಕ್ರೀಮಿನ ಪ್ರಸ್ತಾಪದೊಂದಿಗೆ, ನನ್ನ ಅಂಕಣದಲ್ಲಿ ಒಂದೆರಡು ಸಾಲು ಬರೆಯಬಹುದೇ ಎಂದು ವಿಚಾರಿಸಿದೆ.

“ಅಂಕಿ ಅಂಶ ತಿದ್ದಬಾರದು ಅಂತ ದಪ್ಪಕ್ಷರದಲ್ಲಿ ಬರ್ದಿದ್ದೀಯಪ್ಪಾ” ಎಂದಳು ಬೇಸರದಿಂದ. ಐಸ್‌ಕ್ರೀಮಿನ ಆಸೆ ಅವಳಿಗೂ ಇತ್ತು. ಆ ಸಂಜೆ ಗಿಡಗಳಿಗೆ ನೀರು ಹಾಕಿದೆ. ಬಕೆಟ್ಟಿನಲ್ಲಿದ್ದುದು ಗೊಬ್ಬರದ ನೀರಾಗಿರದೆ ಸೋಪಿನ ನೀರಾಗಿದ್ದುದರಿಂದ ಇಪ್ಪತ್ತೊಂದು, ಇಪ್ಪತ್ತೆರಡು, ಎಲೆ ತೊಳೆಯುವುದು ಮತ್ತು ಕುಂಡದ ಮಣ್ಣು ಬದಲಿಸುವುದು.

ಶನಿವಾರ ಹತ್ತು ಗಂಟೆಗೆ ಮೇಡಂ ಬಂದರು. ಅವರ ಹಿಂದೆ ಸಾಕ್ಷಿಯಾಗಿ ಭೂಗೋಳದ ಮೇಷ್ಟ್ರು, ಮುಖದ ತುಂಬ ಮರದ ನೆರಳಿನಷ್ಟೇ ತಂಪಾದ ನಗು. ಕೊನೆಯ ಅಸ್ತ್ರವಾಗಿ ನಾನು ಕಾಫಿಯನ್ನು ನಾನೇ ಮಾಡಿ ತಂದೆ. ಅವರ ಕಣ್ಣೆದುರೇ ಒಂದು ಕೆಲಸ ನನ್ನ ಅಂಕಣಕ್ಕೆ ಬಿದ್ದರೆ ಸಾಕಿತ್ತು. ಮೇಡಂ ಒಂದು ಗುಟುಕು ಕುಡಿದರು. ಇನ್ನೊಂದು ಗುಟುಕು ಕುಡಿಯಲಿಲ್ಲ. ಮೇಷ್ಟ್ರು ಲೋಟವನ್ನು ಮೂಸಿ ನೋಡಿ ಕೆಳಗಿಟ್ಟರು. ಹೆಂಡತಿ ಎರಡೂ ಲೋಟ ಎತ್ತಿಕೊಂಡು ಒಳಗೆ ಹೋದಳು. ಎಲ್ಲರೂ ನೋಡುತ್ತಿದ್ದಂತೆಯೇ ಲಾಯರಮ್ಮ ಸ್ಕೆಚ್ ಪೆನ್ನಿನ ಮುಚ್ಚಳ ತೆಗೆದಳು. ‘23. ಅಪ್ಪ ಮಾಡಿದ ಕಾಫಿ ಚೆಲ್ಲಿ ಬೇರೆ ಮಾಡುವುದು.’

ಮೇಡಂ ಎದ್ದು ಹೋಗಿ ಹಾಳೆಯನ್ನು ಮೇಲಿಂದ ಕೆಳಗಿನವರೆಗೆ ಓದಿದರು. ನನ್ನ ಅಂಕಣದ ಮುಂದೆ ಸ್ವಲ್ಪ ಹೊತ್ತು ನಿಂತರು. ಕಾಗದ ಒಳ್ಳೆಯದಿತ್ತು.

“ಸರಿ ಮಗು, ಹೋಲಿಕೆ ಮಾಡು ನೋಡೋಣ.”

“ಮೊದಲ ವಾರ ಅಮ್ಮನಿಗೆ ಹದಿನಾಲ್ಕು. ಅಪ್ಪ ಕೆಲಸ ಹಂಚಿಕೊಂಡ ಮೇಲೆ ಇಪ್ಪತ್ತಮೂರು. ಇಪ್ಪತ್ತಮೂರರಲ್ಲಿ ಹದಿನಾಲ್ಕು ಕಳೆದ್ರೆ ಒಂಬತ್ತು.”

“ಹಾಗಾದ್ರೆ ಅಮ್ಮನ ಕೆಲಸ ಕಮ್ಮಿ ಆಗೋಕೆ ಅಪ್ಪ ಏನು ಮಾಡ್ಬೇಕು?”

“ಸುಮ್ನೆ ಕೂತ್ಕೋಬೇಕು ಮಿಸ್. ಒಂಬತ್ತು ಕೆಲಸ ಕಮ್ಮಿ ಆಗುತ್ತೆ.”

ಮೇಷ್ಟ್ರು ಕೆಮ್ಮಿನೊಳಗೆ ಏನನ್ನೋ ಬಚ್ಚಿಟ್ಟುಕೊಂಡರು. ನನ್ನ ಪಾಠದ ಪ್ರಾಣ ಹಾರಿತು ಎಂದುಕೊಂಡೆ. ಆದರೆ ಮೇಡಂ ಮುಖ ಅರಳುತ್ತಿತ್ತು.

“ಮೂವತ್ತೊಂದು ಸಭೆಯಲ್ಲಿ ನಾವು ಏನು ಬೇಕು ಅಂತ ಬಡ್ಕೊಂಡ್ವೋ ಅದೆಲ್ಲ ಇಲ್ಲಿದೆ” ಎಂದರು. “ಮಗು ನೋಡಿದೆ, ಬರೆದಿದೆ, ಲೆಕ್ಕ ಹಾಕಿದೆ, ಯಾರ ಮುಖಾನೂ ನೋಡದೆ ತೀರ್ಮಾನ ಹೇಳಿದೆ. ಪಾಠ ನಿಮ್ದೇ. ಈ ಹಾಳೆಯನ್ನ ಹೇಗಿದೆಯೋ ಹಾಗೇ ಮಾದರಿ ಚಿತ್ರವಾಗಿ ಹಾಕ್ಬಿಡಿ. ಒಂದಕ್ಷರಾನೂ ಬದಲಾಯಿಸ್ಬೇಡಿ.”

ಗೆದ್ದೆ. ನಾಲ್ಕು ಪುಟವೂ ನನ್ನದಾಯಿತು. ಪುಸ್ತಕ ಅಚ್ಚಾಗಿ ಬಂದಿದೆ. ಎಡಪುಟದಲ್ಲಿ ಬಣ್ಣದಲ್ಲಿ ಆ ಹಾಳೆ, ಬಲಪುಟದಲ್ಲಿ ಪ್ರಶ್ನೆ: ‘ಖಾಲಿ ಇರುವ ಅಂಕಣವನ್ನು ಗಮನಿಸಿ. ಇವರ ಬಗ್ಗೆ ನಿಮಗೇನನ್ನಿಸುತ್ತದೆ? ಗೆಳೆಯರೊಂದಿಗೆ ಚರ್ಚಿಸಿ.’ ಅದರ ಕೆಳಗೇ, ಪಾಠ ರಚನೆ ಎಂದು ನನ್ನ ಪೂರ್ತಿ ಹೆಸರು, ಪದವಿಗಳ ಸಮೇತ. ದೇಶದ ಲಕ್ಷಾಂತರ ಮಕ್ಕಳು ಈಗ ನನ್ನನ್ನು ಚರ್ಚಿಸುತ್ತಿದ್ದಾರೆ.

ಒಂದು ಸಮಾಧಾನವಿತ್ತು. ಸುಮ್ಮನೆ ಕೂರುವುದೇ ಸರಿ ಎಂದು ರಾಷ್ಟ್ರಮಟ್ಟದಲ್ಲಿ ತೀರ್ಮಾನವಾಗಿದೆಯಲ್ಲ, ಇನ್ನು ಪೇಪರ್ ಹಿಡಿದು ಹಾಯಾಗಿರಬಹುದು ಎಂದು ಹೆಂಡತಿಗೆ ಹೇಳಿಯೂ ಬಿಟ್ಟೆ.

“ಅಷ್ಟು ಸಲೀಸಾ?” ಎಂದಳು ಅವಳು. “ಕೆಲಸ ಬರದೇ ಇದ್ರೆ ಕಲೀಬೇಕು. ದೇಶಕ್ಕೆಲ್ಲ ಹೇಳ್ಕೊಡ್ತೀರಿ.”

ಮರುದಿನ ಫ್ರಿಜ್ಜಿನ ಬಾಗಿಲಿಗೆ ಒಂದು ಪಠ್ಯಕ್ರಮ ಅಂಟಿತ್ತು. ವಿಷಯ ತಜ್ಞೆ ಅಮ್ಮ, ಬರವಣಿಗೆ ಮಗಳದು. ಒಟ್ಟು ಹನ್ನೆರಡು ಘಟಕ, ಲೋಟದಿಂದ ಹಿಡಿದು ತಳ ಹಿಡಿದ ಪಾತ್ರೆಯವರೆಗೆ. ಮೊದಲನೆಯ ಘಟಕ ಲೋಟ. ಕಲಿಕಾ ಫಲ: ‘ಯಾರೂ ಮತ್ತೆ ತೊಳೆಯಬೇಕಾಗದಂತೆ ಅಪ್ಪ ಒಂದು ಲೋಟವನ್ನು ತೊಳೆಯಬಲ್ಲರು.’

“ವಾರಕ್ಕೊಂದು ಘಟಕ ಅಂದ್ರೆ ಮೂರು ತಿಂಗಳಲ್ಲಿ ಮುಗಿಸ್ತೀನಿ ಬಿಡು” ಎಂದೆ ಧೈರ್ಯವಾಗಿ.

ಲಾಯರಮ್ಮ ನನ್ನ ಕೈಗೆ ನನ್ನದೇ ಪಠ್ಯಕ್ರಮದ ಒಂಬತ್ತನೇ ಪುಟ ಕೊಟ್ಟಳು. ಹೊಸ ಪದ್ಧತಿಯಲ್ಲಿ ಫೇಲು ಎಂಬುದಿಲ್ಲ. ಒಂದು ಘಟಕ ಪೂರ್ತಿ ಬರುವವರೆಗೆ ಮುಂದಿನದಕ್ಕೆ ಹೋಗುವಂತಿಲ್ಲ. ಕಲಿಯುವವರನ್ನು ಅವಸರಪಡಿಸದೆ, ಅವರದೇ ವೇಗದಲ್ಲಿ ಕಲಿಯಲು ಬಿಡಬೇಕು.

ಇವತ್ತಿಗೆ ಏಳು ವಾರ. ‘ಉತ್ಸಾಹ ಇದೆ, ಗಮನ ಸಾಲದು’ ಎಂದು ಷರಾ ಬರೆದಿದ್ದಾರೆ. ನಾನಿನ್ನೂ ಲೋಟದಲ್ಲೇ ಇದ್ದೇನೆ.